ಕ್ಷೇತ್ರ ಟಿಪ್ಪಣಿ ಪುಸ್ತಕದ ಪಟ್ಟಿಚೀಲ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಸಂಚಾರಗಳಿಗೆ ತಕ್ಕ ಆಯ್ಕೆ

೧. ಪೀಠಿಕೆ

ಭೂವಿಜ್ಞಾನದ ವಿದ್ಯಾರ್ಥಿಗಳು ಕ್ಷೇತ್ರಸಂಚಾರಕ್ಕೆ ಹೊರಡುವಾಗ ಸುತ್ತಿಗೆ, ದಿಕ್ಸೂಚಿ, ನತಿಮಾಪಕ, ಭೂತಗನ್ನಡಿ, ನಕಾಶೆ ಮೊದಲಾದ ಉಪಕರಣಗಳನ್ನು ಆರಿಸುವುದರಲ್ಲಿ ಸಾಕಷ್ಟು ಎಚ್ಚರಿಕೆ ವಹಿಸುತ್ತಾರೆ. ಅಧ್ಯಾಪಕರೂ ಈ ವಿಷಯದಲ್ಲಿ ಅವರಿಗೆ ತಕ್ಕ ಸಲಹೆಗಳನ್ನು ಕೊಡುತ್ತಾರೆ. ಆದರೆ ಈ ಉಪಕರಣಗಳಿಂದ ದೊರೆತ ಸಮಸ್ತ ಜ್ಞಾನವೂ ಬಂದು ಸೇರುವ ಟಿಪ್ಪಣಿ ಪುಸ್ತಕವನ್ನು ಹೇಗೆ ಒಯ್ಯಬೇಕೆಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಅದು ಹೆಗಲಚೀಲದಲ್ಲಿ ಬುತ್ತಿಯ ಗಂಟಿನ ಕೆಳಗೋ, ಶಿಲಾಮಾದರಿಗಳ ನಡುವೆಯೋ, ಕೆಲವೊಮ್ಮೆ ಅಂಗಿಯ ಒಳಗೋ ಸೇರಿಕೊಂಡಿರುತ್ತದೆ. ಇದು ಕ್ಷುಲ್ಲಕ ವಿಷಯವೆಂದು ಮೇಲ್ನೋಟಕ್ಕೆ ತೋರಬಹುದು. ಹಾಗಲ್ಲವೆಂಬುದನ್ನು ಅನುಭವವು ನಮಗೆ ಕಲಿಸಿದೆ.

ಪ್ರಸ್ತುತ ಲೇಖನದಲ್ಲಿ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುವ ಚೀಲವನ್ನು ಕುರಿತು ವಿವೇಚಿಸಲು ಉದ್ದೇಶಿಸಿದ್ದೇವೆ. ಸೌಕರ್ಯಕ್ಕಾಗಿ ಇದನ್ನು ಮುಂದೆ ‘ಪಟ್ಟಿಚೀಲ’ವೆಂದು ಕರೆಯುತ್ತೇವೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯು ಈ ವಿವೇಚನೆಗೆ ಕ್ಷೇತ್ರವಾಗಿದೆ. ಕೆಲವೇ ದಿನಗಳ ಸಂಚಾರದಲ್ಲಿ ಇಷ್ಟು ಭಿನ್ನವಾದ ಶಿಲೆಗಳನ್ನೂ, ಇಷ್ಟು ಭಿನ್ನವಾದ ನೆಲವನ್ನೂ ತೋರಿಸುವ ಸೀಮೆಗಳು ವಿರಳ. ಆದುದರಿಂದ ಇಲ್ಲಿ ನಿಲ್ಲಬಲ್ಲ ಚೀಲವು ನಾಡಿನ ಉಳಿದ ಕಡೆಗಳಲ್ಲಿಯೂ ಬಹುಮಟ್ಟಿಗೆ ಉಪಯೋಗಕ್ಕೆ ಬಂದೀತು.

ಸೊಂಟದಲ್ಲಿ ಚೀಲವಿಟ್ಟುಕೊಳ್ಳುವ ಪದ್ಧತಿ ನಮ್ಮವರಿಗೆ ಹೊಸದಲ್ಲ. ಎಲೆಯಡಿಕೆಯ ಚಂಚಿಯನ್ನು ನೆನೆಯಬಹುದು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಬೇರೆಬೇರೆ ಮಡಿಕೆಗಳುಳ್ಳ ಆ ಬಟ್ಟೆಯ ಚೀಲವನ್ನು ನಡುವಿಗೆ ಸಿಕ್ಕಿಸಿಕೊಂಡು ರೈತನು ಹೊಲಕ್ಕೆ ಹೋಗುತ್ತಿದ್ದನು. ಕಣ್ಣು ಎತ್ತುಗಳ ಮೇಲಿದ್ದರೂ ಕೈಯು ತಾನಾಗಿಯೇ ಬೇಕಾದ ಮಡಿಕೆಯನ್ನು ಸೇರುತ್ತಿತ್ತು. ಪಟ್ಟಿಚೀಲದಿಂದ ನಾವು ಬಯಸುವುದು ಸರಿಯಾಗಿ ಈ ಗುಣವನ್ನೇ.

೨. ಟಿಪ್ಪಣಿಯ ಬೆಲೆ

ಒಂದು ವರ್ಷ ಸವದತ್ತಿಯ ಗುಡ್ಡಗಳಲ್ಲಿ ನಮ್ಮ ತಂಡವು ಶಿಲಾಪದರುಗಳ ದಿಕ್ಕನ್ನೂ ಬಾಗುವಿಕೆಯ ಕೋನವನ್ನೂ ಅಳೆಯುತ್ತಿದ್ದಿತು. ವಿದ್ಯಾರ್ಥಿಯೊಬ್ಬನು ಬೆಳಗಿನಿಂದ ಮಧ್ಯಾಹ್ನದವರೆಗೆ ಏಳು ಸ್ಥಳಗಳಲ್ಲಿ ಅಳತೆ ಮಾಡಿದನು. ಪುಸ್ತಕವು ಬೆನ್ನಮೇಲಿನ ಚೀಲದ ತಳದಲ್ಲಿತ್ತು. ಪ್ರತಿಸಲವೂ ಚೀಲವನ್ನಿಳಿಸಿ ಬಿಚ್ಚುವ ಬೇಸರಕ್ಕೆ ಅವನು ಅಳತೆಗಳನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು, ಊಟದ ವೇಳೆಗೆ ಏಳನ್ನೂ ಒಟ್ಟಿಗೆ ಬರೆದನು. ಆ ರಾತ್ರಿ ನಕಾಶೆಯ ಮೇಲೆ ಅವುಗಳನ್ನು ಗುರುತಿಸುವಾಗ ಮೂರನೆಯ ಮತ್ತು ನಾಲ್ಕನೆಯ ಅಳತೆಗಳು ಒಂದಕ್ಕೊಂದು ವಿರುದ್ಧವಾಗಿ ಕಂಡುವು. ಅಲ್ಲಿ ನಿಜವಾಗಿಯೂ ಪದರುಗಳು ಮಡಿಕೆಗೊಂಡಿದ್ದುವೇ, ಅಥವಾ ಅಳತೆಗಳು ನೆನಪಿನಲ್ಲಿ ಅದಲುಬದಲಾಗಿದ್ದುವೇ ಎಂಬುದನ್ನು ನಿರ್ಧರಿಸಲು ಯಾವ ಆಧಾರವೂ ಉಳಿದಿರಲಿಲ್ಲ. ಮರುದಿನ ಅರ್ಧ ಹಗಲನ್ನು ಕಳೆದು ಗುಡ್ಡವನ್ನು ಮತ್ತೆ ಹತ್ತಿದೆವು. ಎರಡು ಸ್ಥಳಗಳಲ್ಲಿ ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ.

ವಿದ್ಯಾರ್ಥಿಯ ಕಣ್ಣಿನಲ್ಲಿ ದೋಷವಿರಲಿಲ್ಲ, ಉಪಕರಣದಲ್ಲಿಯೂ ಇರಲಿಲ್ಲ. ದೋಷವಿದ್ದುದು ಕೈಗೂ ಪುಸ್ತಕಕ್ಕೂ ನಡುವಣ ಅಂತರದಲ್ಲಿ. ಅದರಲ್ಲಿ ನಮ್ಮ ಪಾಲೂ ಇತ್ತು. ನಾವು ಕೊಟ್ಟ ಸಾಮಗ್ರಿಗಳ ಪಟ್ಟಿಯಲ್ಲಿ ಪುಸ್ತಕದ ಹೆಸರಿತ್ತೇ ಹೊರತು ಅದನ್ನು ಎಲ್ಲಿಟ್ಟುಕೊಳ್ಳಬೇಕೆಂಬ ಮಾತಿರಲಿಲ್ಲ.

ಮರಳಿ ಹೋಗಿ ನೋಡಬಹುದೆಂಬ ಧೈರ್ಯವೂ ಎಲ್ಲ ಕಡೆಗೆ ಸಲ್ಲುವುದಿಲ್ಲ. ಸವದತ್ತಿಯ ಬಳಿ ಮಲಪ್ರಭೆಯು ಕ್ವಾರ್ಟ್ಸೈಟ್ ಶಿಲೆಯ ಗುಡ್ಡಗಳನ್ನು ಸೀಳಿಕೊಂಡು ಹೊರಬೀಳುವ ನವಿಲುತೀರ್ಥದ ಕಂದರಕ್ಕೆ ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ರೇಣುಕಾಸಾಗರ ಜಲಾಶಯವು ತುಂಬಿದ ಮೇಲೆ ಅದರ ಮೇಲ್ಗಡೆಯ ನದೀತಳವೂ ದಂಡೆಯ ಬಂಡೆಗಳೂ ನೀರಿನಡಿಗೆ ಹೋದುವು. ಅದಕ್ಕಿಂತ ಮುಂಚೆ ಅಲ್ಲಿ ನಡೆದಾಡಿದವರ ಪುಸ್ತಕಗಳಲ್ಲಿ ಬರೆದುದು ಮಾತ್ರ ಈಗ ನಮಗೆ ಉಳಿದಿದೆ, ಬರೆಯದೆ ಬಿಟ್ಟುದನ್ನು ತಿಳಿಯುವ ಮಾರ್ಗವಿಲ್ಲ. ಕಲ್ಲುಗಣಿಗಳು ಬೆಳೆದಲ್ಲಿ, ಹೆದ್ದಾರಿಗಾಗಿ ದಿಬ್ಬಗಳನ್ನು ಕಡಿದಲ್ಲಿ, ಹಳೆಯ ಬಾವಿಗಳನ್ನು ಮುಚ್ಚಿದಲ್ಲಿ ಇದೇ ಮಾತು ಸಲ್ಲುತ್ತದೆ.

ಈ ಸೀಮೆಯನ್ನು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ (೧೮೩೪-೧೯೧೨) ಅಗ್ರಗಣ್ಯರು. ೧೮೫೮ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದ ಇವರು, ಆಗ ದಕ್ಷಿಣ ಮರಾಠಾ ಸೀಮೆಯೆನಿಸಿದ್ದ ಈ ಪ್ರದೇಶವನ್ನು ಕುರಿತ ಗ್ರಂಥವನ್ನು ೧೮೭೬ರಲ್ಲಿ ಇಲಾಖೆಯ ಗ್ರಂಥಮಾಲೆಯ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಕಲಾದಗಿಯ ಹೆಸರಿನಿಂದ ಪ್ರಸಿದ್ಧವಾದ ಶಿಲಾಶ್ರೇಣಿಯ ಮೊದಲ ವಿಸ್ತಾರವಾದ ವರ್ಣನೆಯು ಅದರಲ್ಲಿದೆ. ವಿಮಾನದಿಂದ ತೆಗೆದ ಚಿತ್ರಗಳಾಗಲಿ, ಉಪಗ್ರಹಗಳಾಗಲಿ ಇಲ್ಲದ ಆ ಕಾಲದಲ್ಲಿ ಇಂಥ ಗ್ರಂಥಕ್ಕೆ ಆಧಾರವೆಂದರೆ ನಡಿಗೆ ಮತ್ತು ಸ್ಥಳದಲ್ಲಿಯೇ ಬರೆದ ಟಿಪ್ಪಣಿ. ಪ್ರಾಚೀನ ಶಿಲಾಯುಗದ ಆಯುಧಗಳನ್ನೂ ಫೂಟರು ಸಂಗ್ರಹಿಸಿದರು. ದೊರೆತ ಸ್ಥಳವನ್ನು ಬರೆದಿಡದಿದ್ದರೆ ಅಂಥ ಆಯುಧವೂ ಒಂದು ಒಡೆದ ಕಲ್ಲಾಗಿ ಉಳಿಯುತ್ತದೆಂಬುದನ್ನು ವಿದ್ಯಾರ್ಥಿಗಳು ಲಕ್ಷ್ಯದಲ್ಲಿಡಬೇಕು.

೩. ನಾಲ್ಕು ನೆಲಗಳು, ನಾಲ್ಕು ಪರೀಕ್ಷೆಗಳು

ಪಶ್ಚಿಮದಿಂದ ಪೂರ್ವಕ್ಕೆ ಸಾಗುವಾಗ ಈ ಸೀಮೆಯಲ್ಲಿ ಮಳೆಯು ಕ್ರಮವಾಗಿ ಕಡಿಮೆಯಾಗುತ್ತದೆ, ಶಿಲೆಯೂ ಬದಲಾಗುತ್ತದೆ. ಪ್ರತಿಯೊಂದು ನೆಲವೂ ಚೀಲದಿಂದ ಬೇರೊಂದು ಗುಣವನ್ನು ಅಪೇಕ್ಷಿಸುತ್ತದೆ.

ಕಿತ್ತೂರಿನ ಸುತ್ತಲಿನದು ಧಾರವಾಡ ಶಿಲಾವರ್ಗದ ಪ್ರದೇಶ. ಪದರುಪದರಾಗಿ ಏಳುವ ಮೃದುವಾದ ಶಿಲೆಗಳೂ, ಅವುಗಳ ಮೇಲೆ ಅಲ್ಲಲ್ಲಿ ಜಂಬಿಟ್ಟಿಗೆಯ ಹೊದಿಕೆಯೂ ಕಾಣುತ್ತವೆ. ಸಹ್ಯಾದ್ರಿಯು ದೂರವಿಲ್ಲದ ಕಾರಣ ಮಳೆಗಾಲದ ತೇವವು ಇಲ್ಲಿ ಬಹುಕಾಲ ನಿಲ್ಲುತ್ತದೆ, ಪೊದೆಗಳು ದಟ್ಟವಾಗಿರುತ್ತವೆ. ಇಲ್ಲಿಯ ಶತ್ರು ನೀರು. ಅದು ಮಳೆಯಾಗಿ ಮೇಲಿನಿಂದಷ್ಟೇ ಬರುವುದಿಲ್ಲ, ಒದ್ದೆಯಾದ ಹುಲ್ಲು ಮತ್ತು ಎಲೆಗಳಿಂದ ಪಕ್ಕಗಳ ಮೂಲಕವೂ ಬರುತ್ತದೆ. ಮೇಲ್ಗಡೆ ಮಾತ್ರ ಮುಚ್ಚಿ ಪಕ್ಕಗಳಲ್ಲಿ ತೆರೆದಿರುವ ಚೀಲವು ಕಿತ್ತೂರಿನಲ್ಲಿ ಮೊದಲನೆಯ ದಿನವೇ ಸೋಲುತ್ತದೆ.

ಬೈಲಹೊಂಗಲದ ಕಡೆಗೆ ತಿರುಗಿದರೆ ಎರೆಭೂಮಿ ಎದುರಾಗುತ್ತದೆ. ಡೆಕ್ಕನ್ ಟ್ರ್ಯಾಪ್ ಎಂಬ ಲಾವಾಶಿಲೆಯ ದಕ್ಷಿಣದ ಅಂಚು ಬೆಳಗಾವಿ ಜಿಲ್ಲೆಯಲ್ಲಿಯೇ ಹಾದುಹೋಗುತ್ತದೆ. ಕಪ್ಪು ಮಣ್ಣು ದಪ್ಪವಾಗಿ ಹಬ್ಬಿದಲ್ಲಿ ಬಂಡೆಗಳು ಕಣ್ಣಿಗೆ ಬೀಳುವುದು ಕಡಿಮೆ, ಹಳ್ಳದ ದಂಡೆಗಳಲ್ಲಿಯೂ ತೋಡಿದ ಬಾವಿಗಳಲ್ಲಿಯೂ ಅವುಗಳನ್ನು ಹುಡುಕಬೇಕಾಗುತ್ತದೆ. ಬಾವಿಯ ಕಿರಿದಾದ ಪಾವಟಿಗೆಗಳನ್ನು ಇಳಿಯುವಾಗ ಎರಡು ಕೈಗಳೂ ಗೋಡೆಯ ಮೇಲಿರುತ್ತವೆ. ಪಕ್ಕಕ್ಕೆ ಬಹಳ ಚಾಚಿಕೊಂಡ ಚೀಲವು ಕಲ್ಲಿಗೆ ತಾಗಿ ಮೈಯನ್ನು ಹೊರಕ್ಕೆ ತಳ್ಳುತ್ತದೆ, ಇದು ಅಪಾಯಕರ. ಇದಲ್ಲದೆ ಒದ್ದೆಯಾದ ಎರೆಮಣ್ಣು ಅಂಟಿದರೆ ಒಣಗಿದ ಮೇಲೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆದುದರಿಂದ ಇಲ್ಲಿಯ ಚೀಲವು ಮೈಗೆ ಒತ್ತಿಕೊಂಡು ನಿಲ್ಲುವಂತಹುದೂ, ತೊಳೆಯಬಹುದಾದುದೂ ಆಗಿರಬೇಕು.

ಸವದತ್ತಿಯಲ್ಲಿ ಕ್ವಾರ್ಟ್ಸೈಟ್ ಶಿಲೆಯು ಕಡಿದಾದ ಗುಡ್ಡಗಳಾಗಿ ಎದ್ದುನಿಲ್ಲುತ್ತದೆ. ಎಲ್ಲಮ್ಮನ ಗುಡ್ಡವು ಎಲ್ಲರಿಗೂ ಪರಿಚಿತವಾದುದು. ಈ ಶಿಲೆಗೆ ವರ್ಗೀಕರಣದಲ್ಲಿ ‘ಸವದತ್ತಿ ಕ್ವಾರ್ಟ್ಸೈಟ್’ ಎಂಬ ಹೆಸರೇ ಸಂದಿದೆ. ಇದರ ಒಡೆದ ಅಂಚು ಅರದಂತೆ ಹರಿತವಾದುದು. ಏರುವಾಗ, ಕುಳಿತು ಜಾರುವಾಗ, ಬಂಡೆಗೆ ಮೈಯೊತ್ತಿ ಸರಿಯುವಾಗ ಚೀಲದ ಕೆಳಗಿನ ಮೂಲೆಗಳು ಸವೆದು ತೂತಾಗುತ್ತವೆ. ಅಲ್ಲಿಂದ ಪೆನ್ಸಿಲು ಜಾರಿಹೋದುದು ಸಂಜೆಯವರೆಗೆ ತಿಳಿಯುವುದಿಲ್ಲ. ಕೆಳಗಿನ ಮೂಲೆಗಳಿಗೆ ಇನ್ನೊಂದು ಪದರು ಚರ್ಮವನ್ನು ಹೊಲಿಸುವುದು ಇಲ್ಲಿ ಅವಶ್ಯಕ.

ರಾಮದುರ್ಗದ ಕಡೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಅಡಿಯಲ್ಲಿ ಬಾಗಲಕೋಟೆ ವರ್ಗದ ಬಾಗಿ ಮಡಿಕೆಗೊಂಡ ಶಿಲೆಗಳು, ಅವುಗಳ ಮೇಲೆ ಬಹುಮಟ್ಟಿಗೆ ಸಮತಲವಾಗಿ ಮಲಗಿದ ಬಾದಾಮಿ ವರ್ಗದ ಮರಳುಗಲ್ಲು, ಇವೆರಡರ ನಡುವಣ ಕಾಲವಿಚ್ಛೇದವನ್ನು ತೋರಿಸಲು ಅಧ್ಯಾಪಕರು ವಿದ್ಯಾರ್ಥಿಗಳನ್ನು ಈ ಭಾಗಕ್ಕೆ ಕರೆತರುತ್ತಾರೆ. ಕೆಳಗಣ ವರ್ಗದಲ್ಲಿ ‘ರಾಮದುರ್ಗ’ದ ಹೆಸರನ್ನು ಹೊತ್ತ ಶಿಲಾಘಟಕವೇ ಇದೆ. ಇಲ್ಲಿ ನೋಡಿದುದನ್ನು ಮಾತಿನಿಂದ ವರ್ಣಿಸುವುದಕ್ಕಿಂತ ರೇಖಾಚಿತ್ರದಿಂದ ತೋರಿಸುವುದು ಮೇಲು. ಅದಕ್ಕೆ ಪುಟವು ತಕ್ಕಷ್ಟು ಅಗಲವಾಗಿರಬೇಕು. ಇಲ್ಲಿಯ ಶತ್ರುಗಳು ಎರಡು: ನುಣ್ಣನೆಯ ಧೂಳು ಮತ್ತು ಮೈಬೆವರು. ಬೆವರು ಚೀಲದ ಹಿಂಭಾಗದಿಂದ, ಎಂದರೆ ನಾವು ಯಾರೂ ನೋಡದ ಕಡೆಯಿಂದ, ಪುಸ್ತಕವನ್ನು ನೆನೆಸುತ್ತದೆ.

೪. ಮೊದಲು ಪುಸ್ತಕ, ಅನಂತರ ಚೀಲ

ಚೀಲವನ್ನು ಮೊದಲು ಕೊಂಡು ಅದಕ್ಕೆ ಹಿಡಿಸುವ ಪುಸ್ತಕವನ್ನು ಹುಡುಕುವುದು ವಿಪರೀತ ಕ್ರಮ. ಪುಸ್ತಕವು ಒಂದೇ ಅಂಗೈಯ ಮೇಲೆ ನಿಲ್ಲುವಂತಿರಬೇಕು, ರಟ್ಟು ಗಟ್ಟಿಯಾಗಿರಬೇಕು, ಹಾಳೆಗಳು ಹೊಲಿದವುಗಳಾಗಿರಬೇಕು. ಅಂಟಿನಿಂದ ಮಾತ್ರ ಕೂಡಿಸಿದ ಹಾಳೆಗಳು ಬಿಸಿಲಿಗೆ ಕಳಚಿಕೊಳ್ಳುತ್ತವೆ. ಸುಮಾರು ೧೨ ಸೆಂಟಿಮೀಟರು ಅಗಲ, ೧೯ ಸೆಂಟಿಮೀಟರು ಎತ್ತರದ ಪುಸ್ತಕವು ಬರೆವಣಿಗೆಗೂ ಚಿತ್ರಕ್ಕೂ ಒದಗುತ್ತದೆ. ಏರುವ ಕೆಲಸವೇ ಹೆಚ್ಚಾಗಿದ್ದಲ್ಲಿ ೧೦ಕ್ಕೆ ೧೬ರ ಪುಸ್ತಕವು ಲೇಸು.

ನಮ್ಮ ಹಿರಿಯರ ‘ಕಡತ’ವನ್ನು ಇಲ್ಲಿ ಸ್ಮರಿಸುವುದು ಅನುಚಿತವಾಗಲಾರದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬಳಪದ ಕಲ್ಲು ಸ್ವತಃ ಒಂದು ಮೃದುಶಿಲೆಯೆಂಬುದು ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ. ಕಡತದ ಬಟ್ಟೆಯು ಹರಿಯದೆ ಮುರಿಯದೆ ಬಹುಕಾಲ ಬಾಳುತ್ತಿತ್ತು, ಈ ಗುಣವನ್ನು ನಾವು ಅನುಸರಿಸಬೇಕು. ಆದರೆ ಅದರಲ್ಲಿ ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು, ಇದನ್ನು ಅನುಸರಿಸಬಾರದು. ಕ್ಷೇತ್ರಪುಸ್ತಕದಲ್ಲಿ ತಪ್ಪಿದುದನ್ನು ಅಳಿಸದೆ ಒಂದೇ ಗೆರೆಯಿಂದ ಹೊಡೆದುಹಾಕಬೇಕು. ಮೊದಲ ಅಳತೆಯೇ ಸರಿಯಾಗಿತ್ತೆಂದು ಮುಂದೆ ತಿಳಿದುಬರುವುದುಂಟು.

ಬರೆಯಲು ಪೆನ್ಸಿಲೇ ಉತ್ತಮ. ಸಾಮಾನ್ಯವಾದ ಮಸಿಯು ನೀರು ತಾಗಿದೊಡನೆ ಹರಡುತ್ತದೆ. ಪೆನ್ಸಿಲಿನ ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ. ಬಹಳ ಮೃದುವಾದ ಪೆನ್ಸಿಲಿನ ಬರೆಹವು ಹಾಳೆಗೆ ಹಾಳೆ ಉಜ್ಜಿ ಮಾಸುವುದರಿಂದ ಸಾಧಾರಣ ಗಡಸಿನದನ್ನು ಆರಿಸಬೇಕು.

ಇನ್ನು ಚೀಲದ ಅಳತೆ. ಇದರಲ್ಲಿ ತಪ್ಪುವವರು ಬಹುಮಂದಿ. ಪುಸ್ತಕದ ಅಗಲ ೧೨ ಸೆಂಟಿಮೀಟರು, ದಪ್ಪ ೨ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಎರಡು ಚಪ್ಪಟೆಯಾದ ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದ ಚೀಲದಲ್ಲಿ, ಪುಸ್ತಕದ ಸುತ್ತಳತೆಯಾದ ೨೮ ಸೆಂಟಿಮೀಟರನ್ನು ಎರಡು ತುಂಡುಗಳೇ ಹಂಚಿಕೊಳ್ಳಬೇಕಾಗುತ್ತದೆ. ಎಂದರೆ ಹೊಲಿಗೆಯ ಒಳಗೆ ಒಂದೊಂದು ತುಂಡೂ ೧೪ ಸೆಂಟಿಮೀಟರು ಇರಬೇಕು, ಸಡಿಲಿಕೆಗೆ ಒಂದು ಸೆಂಟಿಮೀಟರು ಸೇರಿಸಿದರೆ ೧೫. ಪುಸ್ತಕದ ಅಗಲವು ೧೨ ಎಂದು ೧೨ರ ಅಥವಾ ೧೩ರ ಚೀಲವನ್ನು ಹೊಲಿಸಿದವರು ಅದರೊಳಗೆ ಪುಸ್ತಕವನ್ನು ತುರುಕಲಾರರು. ಇದಕ್ಕೆ ಬದಲಾಗಿ ಪಕ್ಕಗಳಲ್ಲಿಯೂ ತಳದಲ್ಲಿಯೂ ೨॥ ಸೆಂಟಿಮೀಟರು ಅಗಲದ ಪಟ್ಟಿಯನ್ನು ಕೂಡಿಸಿ ಪೆಟ್ಟಿಗೆಯ ಆಕಾರಕ್ಕೆ ಹೊಲಿಸಿದರೆ ಮುಂದಿನ ತುಂಡು ೧೩ ಇದ್ದರೆ ಸಾಕು. ಚೀಲವೂ ಮೈಗೆ ಹೊಂದಿಕೊಳ್ಳುತ್ತದೆ. ತೇವದಿಂದ ಹಾಳೆಗಳು ಉಬ್ಬುತ್ತವೆಂಬುದನ್ನು ಮರೆಯಬಾರದು. ಹೊಸ ಪುಸ್ತಕಕ್ಕೆ ಬಿಗಿಯಾಗಿ ಕುಳಿತ ಚೀಲವು ಅರ್ಧ ಬರೆದ ಪುಸ್ತಕವನ್ನು ಹೊರಬಿಡುವುದಿಲ್ಲ. ಬಾಯಿಯ ನಡುವೆ ಅರ್ಧಚಂದ್ರಾಕಾರವಾಗಿ ಕತ್ತರಿಸಿದರೆ ಹೆಬ್ಬೆರಳಿಗೆ ಹಿಡಿತ ಸಿಗುತ್ತದೆ.

೫. ಚರ್ಮವೋ, ಬಟ್ಟೆಯೋ?

ಬೆಳಗಾವಿ ಜಿಲ್ಲೆಯು ಚರ್ಮದ ಕುಶಲಕಲೆಗೆ ಹೆಸರಾದುದು. ಕೊಲ್ಲಾಪುರಿ ಚಪ್ಪಲಿಗೆ ೨೦೧೯ರಲ್ಲಿ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಈ ಪಾದರಕ್ಷೆಗೆ ಬಳಸುವುದು ಜಾಲಿಯ ತೊಗಟೆ, ಅಳಲೆಕಾಯಿ ಮೊದಲಾದವುಗಳಿಂದ ಹದಮಾಡಿದ ಚರ್ಮ. ಇದು ಗಟ್ಟಿಯಾಗಿಯೂ ನಿಲುವುಳ್ಳದ್ದಾಗಿಯೂ ಇರುತ್ತದೆ, ಬಂಡೆಯ ಉಜ್ಜಿಕೆಯನ್ನು ಸಹಿಸುತ್ತದೆ, ಒಂದು ಕೈಯಿಂದ ಪುಸ್ತಕವನ್ನು ಒಳಗಿಡುವಾಗ ಬಾಯಿ ಕುಸಿದು ಮುಚ್ಚಿಕೊಳ್ಳುವುದಿಲ್ಲ. ಸವದತ್ತಿ, ರಾಮದುರ್ಗಗಳ ಒಣನೆಲಕ್ಕೆ ಇದಕ್ಕೆ ಸಮನಾದ ವಸ್ತುವನ್ನು ನಾವು ಕಂಡಿಲ್ಲ.

ಇದರ ದೋಷಗಳನ್ನೂ ಹೇಳಬೇಕು. ಚೆನ್ನಾಗಿ ನೆನೆದ ಚರ್ಮವನ್ನು ಬೆಂಕಿಯ ಬಳಿ ಅಥವಾ ಬಿರುಬಿಸಿಲಿನಲ್ಲಿ ಒಣಗಿಸಿದರೆ ಅದು ಕುಗ್ಗಿ ಸೆಟೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಳಿಯಾಡದ ಕಪಾಟಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ ಒಣಗಿಸಿ ಆಗಾಗ ಸ್ವಲ್ಪ ಎಣ್ಣೆಯನ್ನು ಸವರುತ್ತಿದ್ದರೆ ಈ ದೋಷಗಳು ಬಹುಮಟ್ಟಿಗೆ ಪರಿಹಾರವಾಗುತ್ತವೆ. ಎಣ್ಣೆ ಹೆಚ್ಚಾದರೆ ಅದು ಪುಸ್ತಕದ ಹಾಳೆಗಿಳಿಯುತ್ತದೆ.

ಕ್ಯಾನ್ವಾಸ್ ಎಂಬ ದಪ್ಪ ನೂಲಿನ ಬಟ್ಟೆಯು ಅಗ್ಗವಾದುದು, ಹಗುರವಾದುದು. ಯಾವ ಊರಿನ ದರ್ಜಿಯೂ ಅದನ್ನು ಹೊಲಿಯಬಲ್ಲನು. ಕೆಸರಾದರೆ ತೊಳೆದು ಒಣಗಿಸಬಹುದು. ಆದುದರಿಂದ ಬೈಲಹೊಂಗಲದ ಎರೆನೆಲಕ್ಕೆ ಇದು ತಕ್ಕುದು. ನೀರನ್ನು ಇದು ತಡೆಯುವುದಿಲ್ಲ, ಹೀರುತ್ತದೆ. ಲಾರಿಗಳಿಗೆ ಹೊದಿಸುವ ತಾಡಪತ್ರಿಯ ತುಂಡನ್ನು ಮುಚ್ಚಳಕ್ಕೂ ಹಿಂಭಾಗಕ್ಕೂ ಕೊಟ್ಟರೆ ಮೇಲಿನ ಮಳೆಯಿಂದಲೂ ಒಳಗಿನ ಬೆವರಿನಿಂದಲೂ ರಕ್ಷಣೆ ದೊರೆಯುತ್ತದೆ.

ನೈಲಾನಿನ ಸಿದ್ಧ ಚೀಲಗಳು ಈಗ ಎಲ್ಲೆಡೆ ದೊರೆಯುತ್ತವೆ. ಅವು ಬಲವಾದುವು, ಬೇಗ ಒಣಗುವಂತಹವು, ಕಿತ್ತೂರಿನ ಮಳೆಯಲ್ಲಿ ಚರ್ಮಕ್ಕಿಂತ ಲೇಸು. ಆದರೆ ಅವುಗಳಲ್ಲಿ ಬಹಳಷ್ಟು ಬೇರಾವುದೋ ವಸ್ತುವಿಗಾಗಿ ಹೊಲಿದವು. ಪುಸ್ತಕವು ಅವುಗಳಲ್ಲಿ ಓರೆಯಾಗಿ ಕುಳಿತು ಮೂಲೆಗಳು ಮಡಚಿಕೊಳ್ಳುತ್ತವೆ. ರೆಕ್ಸಿನ್ ಬಿಸಿಲಿಗೆ ಸೀಳುವುದರಿಂದ ಅದನ್ನು ನಾವು ಸೂಚಿಸುವುದಿಲ್ಲ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಪುಸ್ತಕವನ್ನು ಸದಾ ಸುತ್ತಿಡುವುದೂ ಸರಿಯಲ್ಲ. ಹೊರಗಿನ ನೀರು ಒಳಗೆ ಬಾರದಂತೆಯೇ ಒಳಗಿನ ತೇವವೂ ಹೊರಗೆ ಹೋಗುವುದಿಲ್ಲ. ಮಳೆ ಬಂದಾಗ ಮಾತ್ರ ಸುತ್ತಿ, ನಿಂತೊಡನೆ ಬಿಚ್ಚಬೇಕು. ಯಾವ ವಸ್ತುವಿನ ಚೀಲವೇ ಆಗಲಿ, ತಳದಲ್ಲಿ ನೀರಿಳಿಯುವಂತೆ ಎರಡು ಸಣ್ಣ ರಂಧ್ರಗಳಿರಬೇಕು. ಹಳ್ಳವನ್ನು ದಾಟುವಾಗ ಕಾಲು ಜಾರಿದವರಿಗೆ ಇದರ ಪ್ರಯೋಜನವು ಕೂಡಲೆ ತಿಳಿಯುತ್ತದೆ.

೬. ಮುಚ್ಚಳ, ಲೋಹ ಮತ್ತು ದಿಕ್ಸೂಚಿ

ಮುಚ್ಚಳವು ಚೀಲದ ಮೂರನೆಯ ಒಂದು ಭಾಗವನ್ನಾದರೂ ಆವರಿಸಿ, ಪಕ್ಕಗಳಿಗೂ ಸ್ವಲ್ಪ ಇಳಿದಿರಬೇಕು. ಅದನ್ನು ಬಂಧಿಸುವ ಉಪಾಯಗಳು ಹಲವು. ಜಿಪ್ಪಿನ ಹಲ್ಲುಗಳಲ್ಲಿ ರಾಮದುರ್ಗದ ಧೂಳು ಸೇರಿ ಅದು ಸಿಕ್ಕಿಕೊಳ್ಳುತ್ತದೆ, ತೆರೆಯಲು ಎರಡು ಕೈಗಳೂ ಬೇಕಾಗುತ್ತವೆ. ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿಯು ಮೊದಲು ಬಹು ಸೊಗಸಾಗಿ ಕೆಲಸಮಾಡುತ್ತದೆ, ಹುಲ್ಲಿನ ಊಬುಗಳೂ ಎಳೆಗಳೂ ತುಂಬಿಕೊಂಡ ಮೇಲೆ ಹಿಡಿತವನ್ನು ಕಳೆದುಕೊಳ್ಳುತ್ತದೆ. ಬಕ್ಕಲು ಭದ್ರವಾದುದೇ ಆದರೂ ನಿಧಾನ. ನಿಧಾನವಾದ ಬಂಧವು ಬರೆಯುವ ಮನಸ್ಸನ್ನೇ ಕುಂದಿಸುತ್ತದೆ. ಹಿತ್ತಾಳೆಯ ದುಂಡುಗುಂಡಿ ಮತ್ತು ಅದಕ್ಕೆ ಸಿಕ್ಕುವ ಸೀಳುಗಣ್ಣು, ಇವು ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಸರಳವೂ ದೀರ್ಘಕಾಲ ಬಾಳುವಂತಹವೂ ಆಗಿವೆ.

ಅಯಸ್ಕಾಂತದ ಗುಂಡಿಯುಳ್ಳ ಚೀಲಗಳು ಇತ್ತೀಚೆಗೆ ಬಳಕೆಗೆ ಬಂದಿವೆ. ಭೂವಿಜ್ಞಾನಿಗೆ ಇವು ಸರ್ವಥಾ ವರ್ಜ್ಯ. ಸೊಂಟದ ಮಟ್ಟದಲ್ಲಿ ದಿಕ್ಸೂಚಿಯನ್ನು ಹಿಡಿದು ಓದುವಾಗ ಅಯಸ್ಕಾಂತವು ಅದಕ್ಕೆ ಸಮೀಪದಲ್ಲಿರುತ್ತದೆ, ಮುಳ್ಳು ಅತ್ತ ಎಳೆಯಲ್ಪಡುತ್ತದೆ. ಈ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಅಳತೆಯನ್ನು ಸ್ಥಳದಲ್ಲಿಯೇ ಅಂದವಾಗಿ ಬರೆದಿಟ್ಟರೂ ಅದು ಸುಳ್ಳಾಗಿರುತ್ತದೆ. ಕಬ್ಬಿಣದ ಬಕ್ಕಲು, ಸುತ್ತಿಗೆ, ಜೇಬಿನಲ್ಲಿರುವ ಮೊಬೈಲು ಇವುಗಳಿಂದಲೂ ದಿಕ್ಸೂಚಿಯನ್ನು ದೂರವಿಡಬೇಕು. ಹೊಸ ಚೀಲವನ್ನು ಕೊಳ್ಳುವ ಮುಂಚೆ ಮೇಜಿನ ಮೇಲೆ ದಿಕ್ಸೂಚಿಯನ್ನಿಟ್ಟು, ಚೀಲವನ್ನು ಮೆಲ್ಲಗೆ ಅದರ ಬಳಿಗೆ ತಂದು ನೋಡಬೇಕು. ಮುಳ್ಳು ಅಲುಗಿದರೆ ಆ ಚೀಲವನ್ನು ಬಿಡಬೇಕು.

ಕಬ್ಬಿಣವನ್ನು ಬಿಡಲು ಇನ್ನೊಂದು ಕಾರಣವುಂಟು. ತೊಗಟೆ ಮತ್ತು ಅಳಲೆಕಾಯಿಯಿಂದ ಹದಮಾಡಿದ ಚರ್ಮದಲ್ಲಿರುವ ಟ್ಯಾನಿನ್ ಎಂಬ ಒಗರು ದ್ರವ್ಯವು ಒದ್ದೆಯಾದ ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಅಳಲೆಕಾಯಿ, ಅನ್ನಭೇದಿಗಳಿಂದ ಮಸಿಯನ್ನು ತಯಾರಿಸುತ್ತಿದ್ದುದು ಇದೇ ರಾಸಾಯನಿಕ ಕ್ರಿಯೆಯಿಂದ. ಮಸಿಯಾಗಿ ಉಪಕಾರಿಯಾದ ಈ ಕ್ರಿಯೆಯು ಚೀಲದಲ್ಲಿ ಕಲೆಯನ್ನುಂಟುಮಾಡುತ್ತದೆ. ತುಕ್ಕು ಹಿಡಿದ ಮೊಳೆಯ ಸುತ್ತಲಿನ ಚರ್ಮವು ಕಾಲಾಂತರದಲ್ಲಿ ಶಿಥಿಲವಾಗುತ್ತದೆ. ಆದ್ದರಿಂದ ಗುಂಡಿಗಳೂ ಮೊಳೆಗಳೂ ಹಿತ್ತಾಳೆಯವೋ ತಾಮ್ರದವೋ ಆಗಿರಲಿ.

೭. ಸೊಂಟದಲ್ಲಿ ಅದರ ಸ್ಥಾನ

ಬಲಗೈಯಿಂದ ಬರೆಯುವವರು ಸುತ್ತಿಗೆಯನ್ನು ಬಲಗಡೆಗೂ ಪಟ್ಟಿಚೀಲವನ್ನು ಎಡಗಡೆಗೂ ಧರಿಸುವುದು ಯೋಗ್ಯ. ಎಡಗೈಯು ಪುಸ್ತಕವನ್ನು ತೆಗೆದು ಹಿಡಿಯುತ್ತದೆ, ಬಲಗೈಯು ಬರೆಯುತ್ತದೆ. ಎಡಗೈಯಿಂದ ಬರೆಯುವವರು ಇದನ್ನು ತಿರುಗುಮುರುಗು ಮಾಡಿಕೊಳ್ಳಬೇಕು. ಚೀಲವು ತೀರ ಮುಂದಿದ್ದರೆ ಏರುವಾಗ ತೊಡೆಗೆ ತಾಗುತ್ತದೆ, ತೀರ ಹಿಂದಿದ್ದರೆ ಕೈಗೆ ಸಿಗುವುದಿಲ್ಲ, ವಾಹನದಲ್ಲಿ ಕುಳಿತಾಗ ಬೆನ್ನಿಗೆ ಒತ್ತುತ್ತದೆ. ಪಕ್ಕೆಯಿಂದ ತುಸು ಮುಂದಕ್ಕೆ ಇರುವುದೇ ಹಿತವಾದ ಸ್ಥಾನ. ಚೀಲದ ನಾಲ್ಕನೆಯ ಒಂದು ಭಾಗವು ಪಟ್ಟಿಗಿಂತ ಮೇಲೆ, ಉಳಿದುದು ಕೆಳಗೆ ಇರುವಂತೆ ಕುಣಿಕೆಗಳನ್ನು ಹೊಲಿಸಬೇಕು. ಒಂದೇ ಅಗಲವಾದ ಕುಣಿಕೆಗಿಂತ ಅಂತರಬಿಟ್ಟ ಎರಡು ಕುಣಿಕೆಗಳು ಚೀಲವನ್ನು ತೂಗಾಡಗೊಡುವುದಿಲ್ಲ. ಸೀರೆ ಅಥವಾ ಸಲ್ವಾರ್ ಧರಿಸುವ ವಿದ್ಯಾರ್ಥಿನಿಯರು ಉಡುಪಿನ ಮೇಲೆ ಬೇರೆಯೇ ಒಂದು ಅಗಲವಾದ ನೂಲಿನ ಪಟ್ಟಿಯನ್ನು ಬಿಗಿದುಕೊಳ್ಳುವುದು ಅನುಕೂಲ.

ಪೆನ್ಸಿಲಿಗೆ ಹೊರಗಡೆ ಬೇರೆ ಮಡಿಕೆಯಿರಲಿ. ಒಂದು ಪೆನ್ಸಿಲನ್ನು ಸುಮಾರು ೪೫ ಸೆಂಟಿಮೀಟರು ಉದ್ದದ ದಾರದಿಂದ ಚೀಲಕ್ಕೇ ಕಟ್ಟಬೇಕು. ಪುಸ್ತಕಕ್ಕೂ ಕೆಂಪು ಅಥವಾ ಹಳದಿ ಬಣ್ಣದ ದಾರವಿದ್ದರೆ, ಬಂಡೆಯ ಮೇಲೆ ಮರೆತು ಬಂದದ್ದನ್ನು ದೂರದಿಂದ ಕಾಣಬಹುದು. ಬಾದಾಮಿ ಮರಳುಗಲ್ಲಿನ ಕೆಂಪಿನ ನಡುವೆ ಹಳದಿಯೇ ಮೇಲು. ಪುಸ್ತಕದ ಮೊದಲ ಪುಟದಲ್ಲಿಯೂ ಚೀಲದ ಮುಚ್ಚಳದ ಒಳಗಡೆಯೂ ಕಾಲೇಜಿನ ವಿಳಾಸವನ್ನು ಕನ್ನಡದಲ್ಲಿ ಬರೆದಿರಬೇಕು. ಕಳೆದ ಪುಸ್ತಕವು ಸಿಗುವುದು ಬಹುಶಃ ಕುರಿ ಕಾಯುವವರಿಗೆ, ಅವರು ಓದಬಲ್ಲ ಭಾಷೆಯಲ್ಲಿ ವಿಳಾಸವಿದ್ದರೆ ಅದು ಮರಳಿ ಬರುವ ಸಂಭವ ಹೆಚ್ಚು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಎಲ್ಲ ನೆಲಗಳಿಗೂ ಸಮಾನವಾಗಿ ಒಪ್ಪುವ ಚೀಲವಿಲ್ಲವೆಂಬುದು ವ್ಯಕ್ತವಾಗುತ್ತದೆ. ಒಂದನ್ನೇ ಆರಿಸಬೇಕಾದವರಿಗೆ ನಮ್ಮ ಸಲಹೆ ಇದು: ಮೈ ಕ್ಯಾನ್ವಾಸಿನದು, ಮುಚ್ಚಳವೂ ಹಿಂಭಾಗವೂ ತಾಡಪತ್ರಿಯವು, ತಳ ಮತ್ತು ಮೂಲೆಗಳಿಗೆ ಚರ್ಮ, ಗುಂಡಿ ಹಿತ್ತಾಳೆಯದು, ಪಕ್ಕಗಳ ಪಟ್ಟಿಯಿಂದ ಪೆಟ್ಟಿಗೆಯಂತೆ ಹೊಲಿದ ಆಕಾರ. ಇಂತಹುದನ್ನು ಊರಿನ ದರ್ಜಿಯೂ ಚರ್ಮದ ಕುಶಲಕರ್ಮಿಯೂ ಸೇರಿ ಮಾಡಿಕೊಡಬಲ್ಲರು. ಪುಸ್ತಕವನ್ನು ಅವರ ಕೈಗೇ ಕೊಟ್ಟು ಅಳತೆ ತೆಗೆಯಿಸುವುದು ಬಾಯಿಮಾತಿನ ಅಳತೆಗಿಂತ ಲೇಸು.

ಹೊಲಿಸಿ ತಂದ ಚೀಲವನ್ನು ಸಂಚಾರಕ್ಕೆ ಮೊದಲೇ ಪರೀಕ್ಷಿಸಬೇಕು. ಅದನ್ನು ಧರಿಸಿ ನಿಂತು, ಒಂದು ಕೈಯಲ್ಲಿ ಕಲ್ಲನ್ನು ಹಿಡಿದು, ಇನ್ನೊಂದರಿಂದ ಮುಚ್ಚಳವನ್ನು ಬಿಚ್ಚಿ ಪುಸ್ತಕವನ್ನು ಹೊರತೆಗೆಯಬೇಕು. ಹತ್ತು ಎಣಿಸುವುದರೊಳಗೆ ಪುಸ್ತಕವು ಕೈಗೆ ಬಂದರೆ ಚೀಲವು ಯೋಗ್ಯ. ಅನಂತರ ಕುಳಿತು, ಬಗ್ಗಿ, ಮೆಟ್ಟಿಲುಗಳನ್ನು ಹತ್ತಿ ಇಳಿದು ನೋಡಬೇಕು. ಕೊನೆಯಲ್ಲಿ ಪುಸ್ತಕದ ಬದಲು ಹಳೆಯ ಕಾಗದಗಳನ್ನು ತುಂಬಿ, ಒಂದು ಚೊಂಬು ನೀರನ್ನು ಮೇಲಿನಿಂದಲೂ ಪಕ್ಕಗಳಿಂದಲೂ ಸುರಿದು, ಕಾಗದಗಳು ಎಷ್ಟು ನೆನೆದುವೆಂಬುದನ್ನು ಗಮನಿಸಬೇಕು.

ಅಂದಂದಿನ ಪುಟಗಳನ್ನು ರಾತ್ರಿ ಬಿಡಾರದಲ್ಲಿ ಮೊಬೈಲಿನಿಂದ ಚಿತ್ರ ತೆಗೆದಿಡುವ ಅನುಕೂಲವು ಈಗ ಎಲ್ಲರಿಗೂ ಇದೆ. ಅದನ್ನು ತಪ್ಪದೆ ಮಾಡಬೇಕು. ಆದರೆ ಬರೆಯದ ಪುಟವನ್ನು ಯಾವ ಯಂತ್ರವೂ ಚಿತ್ರ ತೆಗೆಯಲಾರದು. ಸವದತ್ತಿಯ ಗುಡ್ಡದಲ್ಲಿ ನಮಗೆ ಮತ್ತೆ ಸಿಗದೆ ಹೋದ ಆ ಒಂದು ಸ್ಥಳವು ನಮ್ಮ ನಕಾಶೆಯಲ್ಲಿ ಇಂದಿಗೂ ಪ್ರಶ್ನಚಿಹ್ನೆಯಾಗಿಯೇ ಉಳಿದಿದೆ. ಆ ವರ್ಷದ ತರುವಾಯ ನಮ್ಮ ಸಾಮಗ್ರಿಗಳ ಪಟ್ಟಿಯಲ್ಲಿ ಪುಸ್ತಕದ ಹೆಸರಿನ ಮುಂದೆ ‘ಸೊಂಟದಲ್ಲಿ’ ಎಂಬ ಒಂದು ಪದವನ್ನು ಸೇರಿಸಿದ್ದೇವೆ. ಇತರ ಕಾಲೇಜುಗಳ ಅಧ್ಯಾಪಕರೂ ಇದನ್ನು ಸೇರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.